ಕಾಳು ಚೆಲ್ಲದ ಕೋಳಿ ಡಬ್ಬ

ನಮ್ಮೂರಲ್ಲಿ ಕೋಳಿ ಸಾಕದ ಮನೆ ಕಡಿಮೆ. ಆದರೆ ಹಾಕಿದ ಕಾಳಲ್ಲಿ ಕೋಳಿ ಹೊಟ್ಟೆಗೆ ಹೋಗೋದೆಷ್ಟು, ಮಣ್ಣುಪಾಲಾಗೋದೆಷ್ಟು ಅಂತ ನೋಡಿದವರು ಇನ್ನೂ ಕಡಿಮೆ.

ಕೆದರುವುದು ಕೋಳಿಯ ಹುಟ್ಟುಗುಣ. ಹುಳ ಹುಡುಕಲು ಮಣ್ಣು ಕೆದರಿದ ಹಾಗೇ ತಟ್ಟೆಯ ಕಾಳನ್ನೂ ಕೆದರುತ್ತದೆ. ಇಷ್ಟವಾದ ಕಾಳನ್ನು ಆರಿಸಲು ಕೊಕ್ಕನ್ನು ಅತ್ತಿತ್ತ ಆಡಿಸಿ ಉಳಿದದ್ದನ್ನು ಹೊರಗೆ ಎರಚುತ್ತದೆ. ಚೆಲ್ಲಿದ್ದು ಹಿಕ್ಕೆಯಲ್ಲಿ ಬೆರೆಯುತ್ತದೆ. ಅದನ್ನೇ ಮರಿಗಳು ಹೆಕ್ಕಿ ತಿಂದರೆ ರಕ್ತಭೇದಿ, ಜಂತುಹುಳು ಅಂಟುತ್ತವೆ. ರಾತ್ರಿ ಆ ಕಾಳಿಗೆ ಇಲಿ ಬರುತ್ತೆ, ಇಲಿ ಹಿಂದೆ ಹಾವೂ ಬರುತ್ತೆ.

ನಮ್ಮನೇಲಿ ಕೋಳಿಗೆ ಹಾಕೋದು ನಾವು ತಿನ್ನೋ ರಾಗಿಯನ್ನೇ. ಹೊಸ ರಾಗಿ ಬರುವ ಮುಂಚೆ ಡ್ರಮ್ಮಿನ ತಳ ಕಂಡಾಗ ಅಜ್ಜಿ, "ಕೋಳೀನೆಲ್ಲಾ ಸಂತೆಗೆ ಕಳಿಸಿಬಿಡೋಣ" ಅಂದರು. ನನಗೂ ತಂಗಿಗೂ ನೋಟ್ ಪುಸ್ತಕ ಬರೋದೇ ಮೊಟ್ಟೆ ದುಡ್ಡಲ್ಲಿ. ಅದಕ್ಕೇ ಮಾವನ ಜೊತೆ ಸೇರಿ ಈ ಡಬ್ಬ ಮಾಡಿದೆ.

ಬೇಕಾಗುವ ಸಾಮಾನು: ಹಿಡಿ ಮತ್ತು ಮುಚ್ಚಳ ಇರುವ 5 ಲೀಟರ್ ಬಕೆಟ್ 1, ಅದಕ್ಕಿಂತ ಸುತ್ತಲೂ ನಾಲ್ಕು ಬೆರಳು ಅಗಲವಾದ ಹಳೇ ಬೇಸಿನ್ 1, ನಟ್ಟು ಬೋಲ್ಟು 2, ಹಗ್ಗ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬ ಮಾತ್ರ ಬೇಡವೇ ಬೇಡ. ಎಷ್ಟು ತೊಳೆದರೂ ಅದರ ವಿಷ ಪೂರ್ತಿ ಹೋಗುವುದಿಲ್ಲ.

ಮಾಡುವ ವಿಧಾನ:

1. ಬಕೆಟ್ಟಿನ ಸುತ್ತ, ತಳಕ್ಕೆ ತಾಗಿದಂತೆ 6 ತೂತು ಮಾಡಿ. ರಾಗಿ, ನುಚ್ಚಿಗಾದರೆ ಕಿರುಬೆರಳು ಹೋಗುವಷ್ಟು, ಮುಸುಕಿನ ಜೋಳಕ್ಕಾದರೆ ಎರಡು ಬೆರಳು ಹೋಗುವಷ್ಟು. ಕಾಯಿಸಿದ ಸರಳಿನಿಂದ ತೂತು ಮಾಡುವ ಕೆಲಸ ದೊಡ್ಡವರದು.

2. ಬಕೆಟ್ಟನ್ನು ಬೇಸಿನ್ನಿನ ನಡುವೆ ಇಟ್ಟು ಎರಡರ ತಳ ಸೇರಿಸಿ ಬೋಲ್ಟು ಬಿಗಿಯಿರಿ.

3. ಕಾಳು ತುಂಬಿ ಮುಚ್ಚಳ ಹಾಕಿ, ಮಳೆ ಬೀಳದ ಕಡೆ ತೊಲೆಗೆ ನೇತುಹಾಕಿ. ಬೇಸಿನ್ನಿನ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿರಲಿ. ಆಗ ಕೊಕ್ಕು ಎಟುಕುತ್ತೆ, ಕಾಲು ಎಟುಕಲ್ಲ. ಮರಿಗಳಿಗೆ ಬೇರೆ ತಗ್ಗಿನ ಡಬ್ಬ ಬೇಕು.

ಇದು ಕೆಲಸ ಮಾಡೋದು ಹೀಗೆ. ತೂತಿನಿಂದ ಇಳಿದ ಕಾಳು ಬೇಸಿನ್ನಿನಲ್ಲಿ ಇಳಿಜಾರು ರಾಶಿಯಾಗಿ ನಿಂತು ತೂತನ್ನು ತಾನೇ ಮುಚ್ಚುತ್ತದೆ. ಕೋಳಿ ತಿಂದಷ್ಟೂ ಹೊಸದು ಇಳಿಯುತ್ತದೆ. ತೂತು ಕೆಳಗಿದ್ದಷ್ಟೂ ರಾಶಿ ಕೆಳಗೇ ನಿಲ್ಲುತ್ತದೆ. ಬೇಸಿನ್ನಿನ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕಾಳು ನಿಲ್ಲದಿದ್ದರೆ, ಕೊಕ್ಕಿನಿಂದ ಎರಚಿದ್ದು ಅಂಚಿಗೆ ಬಡಿದು ಒಳಗೇ ಬೀಳುತ್ತೆ.

ಎಚ್ಚರಿಕೆ: ತೌಡು ಇದಕ್ಕೆ ಹಾಕಬೇಡಿ, ತೂತಿನಲ್ಲಿ ಕಟ್ಟಿಕೊಳ್ಳುತ್ತೆ. ಅದನ್ನು ನೀರಲ್ಲಿ ಕಲಸಿ, ಆಗಲೇ ತಿಂದು ಮುಗಿಸುವಷ್ಟನ್ನೇ ಬೇರೆ ಇಡಿ. ಕಾಳು ನೆನೆದರೆ ಬೂಷ್ಟು ಹಿಡಿಯುತ್ತೆ, ಬೂಷ್ಟು ಹಿಡಿದ ಕಾಳು ಕೋಳಿಗೆ ವಿಷ. ಸಂಜೆ ಕೋಳಿ ಗೂಡು ಸೇರಿದ ಮೇಲೆ ಡಬ್ಬ ಒಳಗಿಡಿ.

ನಂಬಿಕೆ ಬರದಿದ್ದರೆ ನೀವೇ ಪರೀಕ್ಷೆ ಮಾಡಿ. ಕೆಳಗೆ ಗೋಣಿಚೀಲ ಹಾಸಿ, ಒಂದು ದಿನ ತಟ್ಟೆಯಲ್ಲಿ, ಒಂದು ದಿನ ಡಬ್ಬದಲ್ಲಿ ಹಾಕಿ. ನಮ್ಮ ಆರು ಕೋಳಿಗೆ ತಟ್ಟೆಯಲ್ಲಿ ಹಾಕಿದ ದಿನ ಚೀಲದ ಮೇಲೆ ಮೂರು ಹಿಡಿ ರಾಗಿ ಸಿಕ್ಕಿತು. ಡಬ್ಬದಲ್ಲಿ ಹಾಕಿದ ದಿನ ಅರ್ಧ ಹಿಡಿಯೂ ಇರಲಿಲ್ಲ. ದಿನಕ್ಕೆ ಎರಡೂವರೆ ಹಿಡಿ ಉಳಿದರೆ ತಿಂಗಳಿಗೆ ಎಷ್ಟು ಸೇರಾಯಿತು, ಲೆಕ್ಕ ಹಾಕಿ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.