ಜಾವಾದ ಗ್ರಾಮಗಳಲ್ಲಿ ನುಡಿಯ ಕಟ್ಟಳೆಯೂ ಸ್ತ್ರೀಯರ ದುಡಿಮೆಯೂ

ನಮ್ಮ ಪ್ರಾಚೀನರು ಯವದ್ವೀಪವೆಂದು ಕರೆದ ಜಾವಾದ ಭಾಷೆಯಲ್ಲಿ ಸಂಸ್ಕೃತಶಬ್ದಗಳು ಹೇರಳವಾಗಿವೆಯೆಂಬುದು ವಾಚಕರಿಗೆ ವಿದಿತವೇ ಆಗಿದೆ. ಯಾರು ಯಾರೊಡನೆ ಯಾವ ಶಬ್ದವನ್ನಾಡಬೇಕೆಂಬ ಕಟ್ಟಳೆಯೂ, ಗದ್ದೆಯ ಪೈರನ್ನು ಯಾರು ಕೊಯ್ಯಬೇಕೆಂಬ ಕಟ್ಟಳೆಯೂ ಅಲ್ಲಿಯ ಹಳ್ಳಿಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಸಡಿಲಿದುವು. ಮೊದಲನೆಯದನ್ನು ಹಾನಿಯೆಂದೂ ಎರಡನೆಯದನ್ನು ಅಭಿವೃದ್ಧಿಯೆಂದೂ ಎಣಿಸುವವರುಂಟು. ಸ್ತ್ರೀಯರ ಪಕ್ಷದಿಂದ ವಿಚಾರಿಸಿದರೆ ಈ ಲೆಕ್ಕವು ಬಹುಮಟ್ಟಿಗೆ ತಿರುಗುಮುರುಗಾಗುತ್ತದೆ.

ಜಾವಾನುಡಿಯಲ್ಲಿ ಸಲುಗೆಯ ಮಾತಿಗೆ ಙೊಕೊ ಎಂದೂ ಗೌರವದ ಮಾತಿಗೆ ಕ್ರಮ ಎಂದೂ ಹೆಸರು. ಪೂಜ್ಯರ ಅಂಗ, ವಸ್ತು, ಕ್ರಿಯೆಗಳನ್ನು ಹೇಳುವುದಕ್ಕೆ ಕ್ರಮ ಇಂಗಿಲ್ ಎಂಬ ಪದವರ್ಗ ಬೇರೆ. ಸಲುಗೆಯಲ್ಲಿ ತಲೆಯು 'ಎಂಡಸ್', ಗೌರವದಲ್ಲಿ 'ಸಿರಹ್', ಪೂಜ್ಯರದಾದರೆ 'ಮುಸ್ತಕ'. ಕಡೆಯವೆರಡೂ ನಮ್ಮ ಶಿರಸ್ಸು ಮಸ್ತಕಗಳೇ. ಮನೆಯು 'ಒಮಹ್', ಗೌರವಕ್ಕೆ ಗೃಹಶಬ್ದದಿಂದ ಬಂದ 'ಗ್ರಿಯ'. ಹಾಗೆಂದು ಸಂಸ್ಕೃತವೆಲ್ಲವೂ ಮೇಲಿನ ಮಾತೆಂದು ಹಿಗ್ಗಬೇಕಾಗಿಲ್ಲ; ಹಳ್ಳಿಯೆಂಬರ್ಥದ 'ದೇಸ' ಎಂಬುದು ಅಲ್ಲಿ ಸಲುಗೆಯ ಮಾತು, ಅದರ ಗೌರವರೂಪವು 'ಡುಸುನ್'.

ಈ ವ್ಯವಸ್ಥೆಯ ಭಾರವು ಮನೆಯೊಳಗೆ ಹೆಣ್ಣಿನ ಮೇಲೆಯೇ ಹೆಚ್ಚಾಗಿ ಬಿದ್ದಿತು. ಹೆಂಡತಿಯು ಗಂಡನಿಗೆ ವಿನಯದಿಂದ ನುಡಿಯಬೇಕು. ಗಂಡನು ಙೊಕೊದಲ್ಲಿ ಉತ್ತರಿಸಬಹುದು. ಮಕ್ಕಳಿಗೆ ಗೌರವದ ಮಾತನ್ನು ಕಲಿಸುವ ಹೊಣೆಯೂ ತಾಯಿಯದೇ. ಸಭೆಯಲ್ಲಿ ಪ್ರೌಢವಾಗಿ ಕ್ರಮವನ್ನಾಡಿದ ಕೀರ್ತಿ ಮಾತ್ರ ಪುರುಷನಿಗೆ! ೧೯೧೭ರಲ್ಲಿ ಸುರಬಾಯದಲ್ಲಿ ಹುಟ್ಟಿದ 'ಜಾವಾ ದ್ವೀಪ' ಎಂಬ ಚಳುವಳಿಯು ಕ್ರಮವನ್ನು ಬಿಟ್ಟು ಎಲ್ಲರೂ ಙೊಕೊದಲ್ಲಿಯೇ ಮಾತಾಡಬೇಕೆಂದು ವಾದಿಸಿತು, ಅದು ಫಲಿಸಲಿಲ್ಲ. ೧೯೨೮ರ ತರುಣರ ಪ್ರತಿಜ್ಞೆಯೂ ೧೯೪೫ರ ಸಂವಿಧಾನವೂ ಮನ್ನಣೆಯಿತ್ತ, ಮಲಯಮೂಲದ ಇಂಡೊನೇಷಿಯನ್ ಭಾಷೆಯು ಶಾಲೆಯ ದಾರಿಯಿಂದ ಹಳ್ಳಿಯನ್ನು ಹೊಕ್ಕು, ವಾದವಿಲ್ಲದೆಯೇ ಆ ಕೆಲಸವನ್ನು ಮಾಡುತ್ತಿದೆ. ಅದರಲ್ಲಿ ಇಂಥ ಮೆಟ್ಟಿಲುಗಳಿಲ್ಲ. ಕೂಸಿನೊಡನೆ ಅದನ್ನೇ ಆಡುವ ತರುಣ ತಾಯಂದಿರು ಈಗ ಅನೇಕರು. ಕ್ರಮದ ಸೊಬಗು ಕುಂದುತ್ತಿರುವುದು ನನ್ನಂಥ ಶಬ್ದಪ್ರಿಯನಿಗೆ ವ್ಯಥೆಯ ವಿಷಯವೇ. ಆದರೂ ಆ ಸೊಬಗಿನ ವೆಚ್ಚವನ್ನು ತೆತ್ತವರು ಯಾರೆಂಬುದನ್ನು ಮರೆಯಲಾಗದು.

ಇನ್ನು ಗದ್ದೆಯ ಮಾತು. ಅಲ್ಲಿ ಬತ್ತವನ್ನು ಕೊಯ್ಯುವುದು ಹೆಂಗಸರ ಕೆಲಸವಾಗಿತ್ತು. 'ಅನಿಅನಿ' ಎಂಬ ಪುಟ್ಟ ಕತ್ತಿಯನ್ನು ಅಂಗೈಯಲ್ಲಿ ಮರೆಮಾಡಿ ಒಂದೊಂದೇ ತೆನೆಯನ್ನು ಕತ್ತರಿಸುತ್ತಿದ್ದರು; ಅಲಗು ಕಂಡರೆ ಧಾನ್ಯದೇವತೆಯಾದ ದೇವಿ ಶ್ರೀಯು ಬೆದರುವಳೆಂದು ನಂಬಿಕೆ. ಎತ್ತರವೂ ಮಾಗುವ ಕಾಲವೂ ಸಮನಲ್ಲದ ಹಳೆಯ ತಳಿಗಳಿಗೆ ಇದು ಯುಕ್ತವಾದ ಉಪಕರಣವೇ ಆಗಿತ್ತು. ಕೊಯ್ಲಿಗೆ ಬಂದವರನ್ನು ಹಿಂದೆ ಕಳುಹಿಸುವುದು ಶಿಷ್ಟಾಚಾರವಲ್ಲ. ಕೊಯ್ದವಳಿಗೆ 'ಬಾವೊನ್' ಎಂಬ ಪಾಲು ಸಲ್ಲುತ್ತಿತ್ತು: ಬಂಧುಗಳಿಗೂ ನೆರೆಯವರಿಗೂ ಹೆಚ್ಚು, ಪರಸ್ಥಳದವರಿಗೆ ಕಡಿಮೆ. ನೆಲವಿಲ್ಲದವಳಿಗೂ ಹೀಗೆ ಊರಿನ ಬೆಳೆಯಲ್ಲಿ ಒಂದು ಹಕ್ಕಿತ್ತು.

೧೯೬೬ರಲ್ಲಿ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಬತ್ತದ ಸಂಶೋಧನಾಲಯವು ಐ. ಆರ್. ೮ ಎಂಬ ಗಿಡ್ಡ ತಳಿಯನ್ನು ಹೊರತಂದಿತು. ಅಂಥ ತಳಿಗಳು ಸಮನಾಗಿ ಮಾಗುತ್ತವೆ, ಕಾಳು ಬೇಗ ಉದುರುತ್ತದೆ; ಅವಕ್ಕೆ ಕುಡುಗೋಲೇ ಅನುಕೂಲ. ಜೊತೆಗೆ 'ತೆಬಾಸನ್' ಪದ್ಧತಿಯೂ ಹಬ್ಬಿತು: ಒಡೆಯನು ನಿಂತ ಪೈರನ್ನೇ ವರ್ತಕನಿಗೆ ಮಾರುವನು; ವರ್ತಕನು ತನ್ನ ಕೆಲವೇ ಆಳುಗಳಿಂದ, ಹೆಚ್ಚಾಗಿ ಗಂಡಸರಿಂದ, ಕೊಯ್ಯಿಸಿ ಹಣ ಕೊಡುವನು. ಊರಿನ ದಾಕ್ಷಿಣ್ಯವು ಒಡೆಯನಿಗೆ ಉಂಟು, ಹೊರಗಿನ ವರ್ತಕನಿಗೆಲ್ಲಿ? ಒಡೆಯನು ತಾನೇ ಬಾಯಿಬಿಟ್ಟು 'ಬರಬೇಡಿರಿ' ಎನ್ನುವ ಪ್ರಸಂಗವೂ ತಪ್ಪಿತು.

ಅದೇ ಕಾಲಕ್ಕೆ ಒರಳು ಒನಕೆಗಳೂ ನಿಂತುವು. ಬತ್ತ ಕುಟ್ಟುವುದು ಬಡ ಹೆಂಗಸರಿಗೆ ಅಕ್ಕಿಯ ಕೂಲಿಯನ್ನು ತರುತ್ತಿತ್ತು. ೧೯೭೦ರ ಅನಂತರದ ಕೆಲವೇ ವರ್ಷಗಳಲ್ಲಿ ಅಕ್ಕಿಯ ಯಂತ್ರಗಳು ಹಳ್ಳಿಹಳ್ಳಿಗೂ ಬಂದುವು. ವಿಲಿಯಂ ಕಾಲಿಯರ್ ಮೊದಲಾದವರು ೧೯೭೪ರಲ್ಲಿ ಇದರಿಂದ ಸ್ತ್ರೀಯರಿಗಾಗುವ ನಷ್ಟವನ್ನು ವರ್ಷಕ್ಕೆ ಸುಮಾರು ೧೨.೫ ಕೋಟಿ ಕೂಲಿದಿನಗಳೆಂದು ಅಂದಾಜು ಮಾಡಿದರು. ಕುಟ್ಟುವುದು ತೋಳು ಸೋಲಿಸುವ ಕೆಲಸ, ನಿಜ. ಮನೆಗಾಗಿ ಕುಟ್ಟುತ್ತಿದ್ದ ಉಳ್ಳವಳಿಗೆ ಯಂತ್ರವು ವಿಶ್ರಾಂತಿಯನ್ನು ತಂದಿತು; ಕೂಲಿಗೆ ಕುಟ್ಟುತ್ತಿದ್ದವಳಿಗೆ ಅದೇ ಯಂತ್ರವು ತುತ್ತನ್ನು ಕಿತ್ತುಕೊಂಡಿತು.

ಅಂಥ ಮನೆಗಳ ಕೆಲವು ಹೆಣ್ಣುಮಕ್ಕಳು ಮುಂದೆ ಕಾರ್ಖಾನೆಗಳನ್ನು ಸೇರಿದರು. ಮಧ್ಯಜಾವಾದ ಗ್ರಾಮಗಳನ್ನು ಕುರಿತ ಡಯಾನ್ ವುಲ್ಫ್ ಅವರ ಗ್ರಂಥವು (೧೯೯೨) ಒಂದು ವಿಚಿತ್ರವನ್ನು ತೋರಿಸುತ್ತದೆ: ಅವರ ಸಂಬಳವು ಹೊಟ್ಟೆಗೂ ಸಾಲದೆ, ತಾಯ್ತಂದೆಗಳೇ ಅನ್ನವಿಕ್ಕಿ ಕಾರ್ಖಾನೆಗೆ ಕಳುಹಿಸಬೇಕಾಗಿತ್ತು. ಆದರೂ ಆ ತರುಣಿಯರು 'ಅರಿಸಾನ್' ಎಂಬ ಚೀಟಿಯ ಕೂಟಗಳಲ್ಲಿ ಹಣ ಕೂಡಿಸಿ, ತಮ್ಮ ಸರದಿ ಬಂದಾಗ ಒಂದು ಗಂಟನ್ನು ಮನೆಗೆ ತರುತ್ತಿದ್ದರು.