ನಡುವೆ ಚಿಹ್ನೆಯಿಲ್ಲದ ಕೂಡಿಕೆ

‘ಮಳೆ’ ಮತ್ತು ‘ಕಾಲ’ ಸೇರಿಸಿ ಎಂದರೆ ನಾವು ‘ಮಳೆಗಾಲ’ ಎನ್ನುತ್ತೇವೆ. ಆಕ್ ‘ಮಳೆಕಾಲ’ ಎನ್ನುತ್ತದೆ. ಅದಕ್ಕೆ ಆದೇಶಸಂಧಿ ತಿಳಿಯದು. ಆದರೆ ನಮ್ಮ ಹಾಗೆಯೇ ಅದೂ ಪದ ಕೂಡಿಸಲು ನಡುವೆ ಚಿಹ್ನೆ ಕೇಳುವುದಿಲ್ಲ. ಪಕ್ಕಪಕ್ಕ ಇಟ್ಟರೆ ಸಾಕು.

ಆಕ್ 1977ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಪುಟ್ಟ ಪ್ರೋಗ್ರಾಮಿಂಗ್ ಭಾಷೆ. ಕಟ್ಟಿದವರು ಅಹೊ, ವೈನ್‌ಬರ್ಗರ್, ಕರ್ನಿಹ್ಯಾನ್. ಮೂವರ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರಗಳೇ ಅದರ ಹೆಸರು. ಅದು ಫೈಲನ್ನು ಸಾಲುಸಾಲಾಗಿ ಓದುತ್ತದೆ, ಖಾಲಿ ಜಾಗ ಬಂದಲ್ಲೆಲ್ಲ ಸಾಲನ್ನು ತುಂಡು ಮಾಡಿ $1, $2 ಎಂದು ಗುರುತಿಸುತ್ತದೆ. $2 $1 ಎಂದು ಬರೆದು ಪ್ರಿಂಟ್ ಮಾಡಿಸಿದರೆ ಎರಡೂ ಅಂಟಿಕೊಂಡು ಬರುತ್ತವೆ. ನೀವು ನಡುವೆ ಬಿಟ್ಟ ಜಾಗ ಅದಕ್ಕೆ ಲೆಕ್ಕಕ್ಕಿಲ್ಲ. ಬಿಡಿಬಿಡಿಯಾಗಿ ಬೇಕಿದ್ದರೆ ಅಲ್ಪವಿರಾಮ ಹಾಕಬೇಕು.

ವೇರಿಯಬಲ್‌ಗಳನ್ನೂ ಮೊದಲೇ ಘೋಷಿಸಬೇಕಿಲ್ಲ. ಹಿಂದೆಂದೂ ಬಳಸದ ಹೆಸರನ್ನು ಪಠ್ಯವಾಗಿ ಕೇಳಿದರೆ ಖಾಲಿ ಸ್ಟ್ರಿಂಗ್, ಸಂಖ್ಯೆಯಾಗಿ ಕೇಳಿದರೆ 0. ಆದ್ದರಿಂದಲೇ ಸಾವಿರ ಸಾಲುಗಳ ಮೊತ್ತವನ್ನು ಒಂದೇ ಸಾಲಿನ ಪ್ರೋಗ್ರಾಮ್ ಕೂಡಿಸಿಬಿಡುತ್ತದೆ. ಹೆಸರಿನ ಕಾಗುಣಿತ ತಪ್ಪಿದರೂ ಆಕ್ ದೂರುವುದಿಲ್ಲ, ಅದನ್ನು ಹೊಸ ಖಾಲಿ ವೇರಿಯಬಲ್ ಎಂದೇ ಒಪ್ಪಿಕೊಳ್ಳುತ್ತದೆ. ಈ ಮೌನ ನನಗೆ ನಿಜಕ್ಕೂ ಅಪಾಯಕಾರಿ ಅನಿಸುತ್ತದೆ.

ವೇರಿಯಬಲ್‌ನಲ್ಲಿರುವುದು ಸಂಖ್ಯೆಯೋ ಪಠ್ಯವೋ ಎಂಬುದನ್ನು ಬಹುಮಟ್ಟಿಗೆ ನಾವು ಅದರಿಂದ ಮಾಡಿಸುವ ಕೆಲಸವೇ ಹೇಳುತ್ತದೆ. 12 + 3 ಎಂದರೆ 15. ಬರೀ 12 3 ಎಂದರೆ 123.

ಚಿಹ್ನೆಯಿಲ್ಲದ ಈ ಕೂಡಿಕೆಗೆ ತೆರಬೇಕಾದ ಬೆಲೆ ಕಾಣುವುದು ಇಲ್ಲಿ:

-12 " " -24

ಎರಡು ಸಂಖ್ಯೆ, ನಡುವೆ ಒಂದು ಖಾಲಿ ಜಾಗ. ನಮ್ಮ ಕಣ್ಣಿಗೆ ಅಷ್ಟೇ. ಆದರೆ ಹೊರಬರುವುದು -12-24. ಖಾಲಿ ಜಾಗ ಮಾಯ! ಕಳೆಯುವ ಚಿಹ್ನೆಯ ಹಿಡಿತ ಕೂಡಿಕೆಗಿಂತ ಬಿಗಿ. ಹಾಗಾಗಿ ಆಕ್ ಮೊದಲು ಖಾಲಿ ಜಾಗದಿಂದ 24 ಕಳೆಯಲು ಹೊರಡುತ್ತದೆ. ಕಳೆಯಬೇಕಾದರೆ ಸಂಖ್ಯೆ ಬೇಕು; ಖಾಲಿ ಜಾಗದ ಸಂಖ್ಯಾಬೆಲೆ 0. ಸೊನ್ನೆಯಲ್ಲಿ 24 ಕಳೆದರೆ -24. ಅದು ಹೋಗಿ -12ಕ್ಕೆ ಅಂಟಿಕೊಳ್ಳುತ್ತದೆ. ಆಕ್‌ನ ಅರ್ಧ ಸ್ವಭಾವ ಈ ಒಂದೇ ಸಾಲಿನಲ್ಲಿದೆ, ಕಲಿಯುವವರಿಗೆ ನಾನು ಮೊದಲು ತೋರಿಸುವುದೂ ಇದನ್ನೇ.

ಕೊನೆಯ ಸಂಖ್ಯೆಯನ್ನು ಕಂಸದೊಳಗಿಟ್ಟು -12 " " (-24) ಎಂದು ಬರೆದರೆ ಖಾಲಿ ಜಾಗ ತನ್ನ ಸ್ಥಾನಕ್ಕೆ ಮರಳುತ್ತದೆ.