ಮಕ್ಕಳಿಗೊಂದು ಬಯಲು

ಸಂಜೆ ಸಾರಸಬಾಗಿಗೆ ಹೋಗಿ ಕುಳಿತು ಬರುವುದು ನಮ್ಮಲ್ಲಿ ಹಲವರಿಗೆ ರೂಢಿ. ಮನಸ್ಸಿಗೆ ಹಿತ, ನಿಜ, ದೇಹಕ್ಕೆ ಸಾಲದು. ದೊಡ್ಡವರಿಗೆ ವಾರಕ್ಕೆ 150 ನಿಮಿಷವಾದರೂ ಬಿರುಸು ನಡಿಗೆಯಷ್ಟು ಶ್ರಮ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಓಟ-ಆಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ. ನಮಗೇನೋ ಪರ್ವತಿಯ ಮೆಟ್ಟಿಲುಗಳಿವೆ, ವೇತಾಳ ಟೇಕಡಿಯ ಕಾಲುದಾರಿಗಳಿವೆ. ಮಕ್ಕಳಿಗೆ ಬೇಕಾದುದು ಹೂಪಾತಿಯಲ್ಲ, ಬರಿಯ ಬಯಲು. ಖೋ ಖೋ ಆಟದ ನಿಯಮಗಳು ರೂಪುಗೊಂಡುದು ಇದೇ ಊರಿನ ಡೆಕ್ಕನ್ ಜಿಮಖಾನಾದಲ್ಲಿ, 1914ರಲ್ಲಿ. ಅದಕ್ಕೆ ಚೆಂಡು ಬೇಡ, ಬ್ಯಾಟು ಬೇಡ. ಎರಡು ಕಂಬ, ಸಮನೆಲ, ಒಂದಷ್ಟು ಹುಡುಗ ಹುಡುಗಿಯರಿದ್ದರೆ ಸಾಕು. ‘ಹುಲ್ಲು ತುಳಿಯಬಾರದು’ ಎಂಬ ಹಲಗೆ ನೆಟ್ಟಲ್ಲಿ ಅದೂ ನಡೆಯದು! ನಮ್ಮ ಬಡಾವಣೆಯಲ್ಲಿ ಹೊಸ ಉದ್ಯಾನವಾಗುವುದಾದರೆ ಅರ್ಧ ಜಾಗವನ್ನಾದರೂ ಆಟಕ್ಕೆ ಬಿಡಿರೆಂದು ವಾಚಕರೆಲ್ಲ ಸೇರಿ ಮಹಾನಗರಪಾಲಿಕೆಗೆ ಬರೆಯೋಣ.